ಆಕಿ ಏನಂತಾಳ, ನೀಲಾ?

ನಮ್ಮ ಮನೆಯಲ್ಲಿ ಯಾರೂ ಯಾವ ಜೋಕಿಗೂ ಸರಿಯಾದ ಹೊತ್ತಿಗೆ ನಕ್ಕವರಲ್ಲ. ಪರದೆಯ ಮೇಲೆ ಚಟಾಕಿ ಹಾರಿಸಿದವನು ಕಾರು ಹತ್ತಿ, ಊರು ದಾಟಿ, ಯಾರದೋ ಮದುವೆ ಮಂಟಪದ ಮುಂದೆ ಇಳಿದ ಮೇಲೆ ನಮ್ಮ ಪಡಸಾಲೆಯಲ್ಲಿ ನಗು ಏಳುತ್ತಿತ್ತು. ಅಷ್ಟೊತ್ತಿಗೆ ಅಲ್ಲಿ ಇನ್ನಾರೋ ಇನ್ನೊಂದು ಚಟಾಕಿ ಹಾರಿಸಿ ಆಗಿರುತ್ತಿತ್ತು, ಅದು ನಮ್ಮ ನಗುವಿನಲ್ಲಿ ಮುಚ್ಚಿ ಹೋಗುತ್ತಿತ್ತು. ಅದೇನೆಂದು ಕೇಳುವಷ್ಟರಲ್ಲಿ ಮತ್ತೊಂದು. ಹನ್ನೆರಡು ಹದಿಮೂರರ ವಯಸ್ಸಿನ ನನಗೆ ಇದರಿಂದ ಮೈಯೆಲ್ಲ ಉರಿಯುತ್ತಿತ್ತು. ಒಂದೇ ಒಂದು ಸಿನೆಮಾ, ಒಂದೇ ಒಂದು ಸಲ, ಯಾರೂ ನಡುವೆ ಬಾಯಿ ಹಾಕದೆ ನೋಡಬೇಕು ಎನ್ನುವುದು ನನ್ನ ಆಗಿನ ದೊಡ್ಡ ಆಸೆ. ಈಗ ಆ ಆಸೆ ಈಡೇರಿದೆ. ಯಾರೂ ಬಾಯಿ ಹಾಕುವುದಿಲ್ಲ. ಅದಕ್ಕೂ ಈಗ ನನಗೆ ಸಿಟ್ಟು ಬರುತ್ತದೆ.

ನಮ್ಮದು ಅಕ್ಕಿಆಲೂರು. ಅಪ್ಪ ಅಲ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಮಷೀನು ನೋಡಿಕೊಳ್ಳುತ್ತಿದ್ದ. ದಿನವಿಡೀ ಆ ಸದ್ದಿನಲ್ಲಿ ನಿಂತು ನಿಂತು ಅವನ ಕಿವಿ ಅರ್ಧ ಮಂದವಾಗಿತ್ತು. ಆದ್ದರಿಂದ ನಮ್ಮ ಮನೆಯ ಟಿವಿ ಓಣಿಯ ತುದಿಯವರೆಗೂ ಕೇಳಿಸುತ್ತಿತ್ತು. ಅಪ್ಪನ ತಮ್ಮ ಬಸುಕಾಕಾ ಆಗ ಮದುವೆಯಾಗದ ಟ್ರ್ಯಾಕ್ಟರ್ ಸರದಾರ. ಅವನು ಪ್ರತಿ ಶನಿವಾರ ಹಾನಗಲ್ಲಿಗೆ ಹೋಗಿ, ಮೊಬೈಲ್ ಅಂಗಡಿಯೊಂದರಲ್ಲಿ ಪೆನ್‌ಡ್ರೈವಿಗೆ ಹೊಸ ಹಿಂದಿ ಕಾಮಿಡಿ ಸಿನೆಮಾ ಮತ್ತು ಆ ವಾರ ಬಿಟ್ಟ ಪಂಜಾಬಿ ರ‍್ಯಾಪ್ ಹಾಡುಗಳನ್ನು ತುಂಬಿಸಿಕೊಂಡು ಬರುತ್ತಿದ್ದ. ಸಿನೆಮಾ ಮನೆಗೆ, ಹಾಡು ಟ್ರ್ಯಾಕ್ಟರಿಗೆ. ಕನ್ನಡದ್ದು ಯಾಕಿಲ್ಲ ಎಂದು ಕೇಳಿದರೆ ಅವನ ಉತ್ತರ ಸಿದ್ಧವಿರುತ್ತಿತ್ತು.

"ಕನ್ನಡದ್ದು ಟಿವಿಯಾಗ ಹೆಂಗೂ ಬರತೈತಲ್ಲ. ಇದು ನೋಡು, ಶುಕ್ರವಾರ ಮುಂಬೈಯಾಗ ಬಿಟ್ಟದ್ದು ರವಿವಾರ ನಮ್ಮನ್ಯಾಗ! ಹಾನಗಲ್ ತಾಲೂಕಿನ್ಯಾಗ ಇನ್ನ ಯಾರೂ ನೋಡಿಲ್ಲ."

ಹಾನಗಲ್ ತಾಲೂಕಿನಲ್ಲಿ ಮೊದಲು ನೋಡಿದ ನಮಗೆ ಹಿಂದಿ ಬರುತ್ತಿರಲಿಲ್ಲ, ಅದೊಂದು ಕೊರತೆ. ಅಪ್ಪನಿಗೆ ಬರುತ್ತಿದ್ದ ಹಿಂದಿಯೆಲ್ಲ ಲಾರಿ ಡ್ರೈವರುಗಳ ಜೊತೆ ಜಗಳಾಡುವಷ್ಟು. ಆಯಿಗೆ, ಅಂದರೆ ಅಪ್ಪನ ತಾಯಿಗೆ, ಒಂದು ಅಕ್ಷರವೂ ಬರುತ್ತಿರಲಿಲ್ಲ; ಮೇಲಾಗಿ ಕಣ್ಣಿಗೆ ಪೊರೆ ಬಂದು ಪರದೆಯ ಮೇಲಿನ ಮುಖಗಳೂ ಮಸುಕು. ಹಿಂದಿ ಬಲ್ಲವಳು ಅವ್ವ ಒಬ್ಬಳೇ. ಅವಳ ತವರು ಸವಣೂರು. ಅಕ್ಕಪಕ್ಕ ಉರ್ದು ಮಾತಾಡುವ ಮನೆಗಳ ನಡುವೆ ಕುಂಟೆಬಿಲ್ಲೆ ಆಡಿ ಬೆಳೆದವಳು. ಮದುವೆಯಾಗಿ ಬಂದ ಹೊಸತರಲ್ಲಿ ಆಯಿ ಅದಕ್ಕೇ ಕೊಂಕು ತೆಗೆಯುತ್ತಿದ್ದಳಂತೆ. ಪೆನ್‌ಡ್ರೈವ್ ಬಂದ ಮೇಲೆ ಮಾತ್ರ ಅವ್ವನ ಆ ವಿದ್ಯೆಗೆ ಬೆಲೆ ಬಂತು.

ರವಿವಾರ ಮಧ್ಯಾಹ್ನದ ಊಟವಾದ ಮೇಲೆ ಸಿನೆಮಾ. ಕೂರುವುದಕ್ಕೂ ಒಂದು ಕ್ರಮವಿತ್ತು, ಅದನ್ನು ಯಾರೂ ಹಾಕಿಕೊಟ್ಟದ್ದಲ್ಲ, ಯಾರೂ ಮೀರಿದ್ದೂ ಇಲ್ಲ. ಪಡಸಾಲೆಯ ಮಂಚದ ಮೇಲೆ ಆಯಿ, ಪಕ್ಕದಲ್ಲಿ ಅವಳ ಎಲೆ ಅಡಿಕೆಯ ತಬಕು. ಟಿವಿಗೆ ಕಿವಿ ಹಚ್ಚಿದಂತೆ ಕುರ್ಚಿ ಹಾಕಿಕೊಂಡು ಅಪ್ಪ. ಗೋಡೆಗೆ ಒಟ್ಟಿದ ಭತ್ತದ ಚೀಲಗಳ ಮೇಲೆ ಬಸುಕಾಕಾ. ಮಂಚದ ಕಾಲಿಗೆ ಒರಗಿ ನೆಲದ ಮೇಲೆ ನಾನು. ಅವ್ವ ಪಡಸಾಲೆಗೆ ಬರುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ, ಹೊಸ್ತಿಲ ಒಳಗೆ, ಗೋಡೆಗೆ ಬೆನ್ನು ಕೊಟ್ಟು, ತಲೆಯ ಮೇಲೆ ಸೆರಗು ಹೊದ್ದು ಕೂರುತ್ತಿದ್ದಳು. ಕೈಯಲ್ಲಿ ಏನಾದರೊಂದು ಕೆಲಸ, ಸೊಪ್ಪು ಸೋಸುವುದೋ ಅವರೆಕಾಯಿ ಸುಲಿಯುವುದೋ. ಆದ್ದರಿಂದ ನಮಗೆಲ್ಲ ಸಿನೆಮಾದ ಮುಖಗಳು ಮುಂದಿನಿಂದ, ಮಾತು ಮಾತ್ರ ಬೆನ್ನ ಹಿಂದಿನಿಂದ ಬರುತ್ತಿತ್ತು. ಪರದೆಯ ಹುಡುಗಿ ಬಾಯಿ ಮುಚ್ಚಿದ ಕೂಡಲೇ ಆಯಿ ಕತ್ತು ತಿರುಗಿಸದೆ ಕೇಳುತ್ತಿದ್ದಳು.

"ಆಕಿ ಏನಂತಾಳ, ನೀಲಾ?"

ಅವ್ವ ಹೇಳುತ್ತಿದ್ದಳು. ಆಮೇಲೆ ಆಯಿ ಆ ಹುಡುಗಿಗೆ ಉತ್ತರ ಕೊಡುತ್ತಿದ್ದಳು. ಹೌದು, ಟಿವಿಯೊಳಗಿನ ಹುಡುಗಿಗೇ. ಅದು ಅವಳ ರೂಢಿ. ಬೈಯುವುದಿದ್ದರೆ ಬೈದು, ಬುದ್ಧಿ ಹೇಳುವುದಿದ್ದರೆ ಹೇಳಿ, ಎಲೆಯ ರಸ ನುಂಗಿ ಮುಂದಿನ ಮಾತಿಗೆ ಕಾಯುತ್ತಿದ್ದಳು. ಇಷ್ಟರಲ್ಲಿ ಸಿನೆಮಾ ಎಲ್ಲಿಗೋ ಹೋಗಿರುತ್ತಿತ್ತು. ನಾನು ಹಲ್ಲು ಕಡಿಯುತ್ತಿದ್ದೆ.

ಒಂದು ರವಿವಾರ ನೆನಪಿದೆ. ಪರದೆಯ ಮೇಲೆ ಮೂವರು ಗೆಳೆಯರು, ಒಂದು ಹಳೆಯ ಜೀಪು, ಓಡಿಬಂದ ಒಬ್ಬ ಮದುಮಗಳು. ಮದುಮಗಳು ಸೊಂಟದ ಮೇಲೆ ಕೈಯಿಟ್ಟು ಏನೋ ಕೂಗಾಡಿದಳು. ಆಯಿ ಕೇಳಿದಳು. ಅವ್ವ ಮೆಂತ್ಯದ ಕಟ್ಟು ಬಿಚ್ಚುತ್ತಾ ಹೇಳಿದಳು.

"'ಮುಂಜಾನೆದ್ದು ಮಜ್ಜಿಗಿ ಕಡಿಯಾಕಿ ನಾ. ಎಲ್ಲಾರೂ ಕುಡದು ನನ್ನ ಪಾಳಿ ಬರೂದ್ರಾಗ ಗಡಗ್ಯಾಗ ಬರೇ ನೀರು' ಅಂತಾಳ್ರಿ ಅತ್ತ್ಯಾರ."

ಬಸುಕಾಕಾ ಬಿದ್ದು ಬಿದ್ದು ನಕ್ಕ. ಮದುವೆ ಮಂಟಪದಿಂದ ಓಡಿಬಂದವಳಿಗೆ ಮಜ್ಜಿಗೆಯ ಚಿಂತೆ! ಆಯಿಯೂ ನಕ್ಕಳು, ಹೊಟ್ಟೆ ಕುಲುಕುವಂತೆ. ಆಮೇಲೆ ಪರದೆಯ ಕಡೆ ಕೈ ಮಾಡಿ ಹೇಳಿದಳು.

"ಮೊದಲ ಒಂದು ತಂಬಿಗಿ ತಗದಿಟ್ಟು ಆಮ್ಯಾಲೆ ಮಂದಿಗೆ ಕೊಡಬೇಕವಾ ನೀನು. ಬ್ಯಾಡಂದೋರು ಯಾರು? ಬಾಯಿ ಇಲ್ಲೇನು ನಿನಗ?"

ಮರುದಿನದಿಂದ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಒಂದು ತಂಬಿಗೆ ಮಜ್ಜಿಗೆ, ಮೇಲೊಂದು ತಾಟು ಮುಚ್ಚಿ, ಬೇರೆಯಾಗಿ ಇರತೊಡಗಿತು. ನಾನು ಅದನ್ನು ಕಂಡಿದ್ದೆ. ಒಂದು ಸಲ ಕುಡಿಯಲು ಹೋಗಿ ಆಯಿಯಿಂದ ಬೈಸಿಕೊಂಡೂ ಇದ್ದೆ: "ಅದು ನಿಮ್ಮವ್ವಂದು, ಮುಟ್ಟಬ್ಯಾಡ." ಆದರೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಇನ್ನೊಂದು ಸಿನೆಮಾದ ಹುಡುಗಿ, ಪಂಚಮಿಗೆ ತವರಿಗೆ ಹೋದವಳು ಎರಡೇ ದಿನಕ್ಕೆ ಗಂಡನ ಮನೆಯಿಂದ ಫೋನು ಬರುತ್ತದೆಂದು ಗೋಳಾಡಿದಳು. ಆಯಿ ಅವಳಿಗೆ, "ಎಂಟು ದಿನಾ ಇದ್ದು ಬಾ, ಇಲ್ಲೇನು ಮನಿ ಬೀಳತೈತಿ?" ಎಂದಳು. ಆ ವರ್ಷ ಅವ್ವ ಸವಣೂರಿನಲ್ಲಿ ಎಂಟು ದಿನ ಇದ್ದು, ಬರುವಾಗ ಆಯಿಗೆಂದು ಎಳೆಯ ವೀಳ್ಯದೆಲೆಯ ದೊಡ್ಡ ಕಟ್ಟು ತಂದಳು. ಹಿಂದಿ ಸಿನೆಮಾಗಳಲ್ಲಿ ಪಂಚಮಿ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ.

ನಮ್ಮ ಮನೆಯಲ್ಲಿ ಸೊಸೆ ಅತ್ತೆಯ ಎದುರು ನಿಂತು ನನಗಿದು ಬೇಕು ಎನ್ನುವ ಪದ್ಧತಿ ಇರಲಿಲ್ಲ. ಅಂದರೆ ಎದುರುತ್ತರ. ಅತ್ತೆ ಆಗಲಿ ಎಂದರೆ ಸೊಸೆಗೆ ಸೋತಂತೆ. ಆಗದು ಎಂದರೆ ತಿಂಗಳುಗಟ್ಟಲೆ ಮೌನ, ಒಲೆಯ ಮುಂದೆ ಪಾತ್ರೆಗಳ ದಡಬಡ. ಅಪ್ಪನ ಮೂಲಕ ಹೇಳಿಸೋಣವೆಂದರೆ ಅವನಿಗೆ ಅರ್ಧ ಕೇಳಿಸುತ್ತಿರಲಿಲ್ಲ, ಉಳಿದರ್ಧ ಕೇಳಿಸಿದರೂ ಕೇಳಿಸದಂತೆ ಇರುತ್ತಿದ್ದ. ಇವೆಲ್ಲ ಈಗ ಬರೆಯುವಾಗ ಸಲೀಸಾಗಿ ತಿಳಿಯುವ ಮಾತು. ಆಗ ನನಗೆ ತಿಳಿದಿದ್ದು ಇಷ್ಟೇ: ಇವರ ಗದ್ದಲದಲ್ಲಿ ನನಗೆ ಸಿನೆಮಾ ನೋಡಲು ಬಿಡುತ್ತಿಲ್ಲ.

ಪಂಜಾಬಿ ಹಾಡುಗಳದು ಇನ್ನೊಂದು ಕಥೆ. ಬಸುಕಾಕಾನ ಟ್ರ್ಯಾಕ್ಟರಿನ ಎರಡೂ ಮಡ್‌ಗಾರ್ಡಿನ ಮೇಲೆ ಎರಡು ಸೌಂಡ್ ಬಾಕ್ಸು. ಅವನು ಹೊಲದಿಂದ ಹೊರಟರೆ ಊರ ಹೊರಗಿನ ಕೆರೆಯ ಹತ್ತಿರ ಬಂದಾಗಲೇ ನಮ್ಮ ಅಡುಗೆಮನೆಯ ತಾಟುಗಳು ನಡುಗಲು ಶುರು. ಪಂಜಾಬದವರೂ ಒಕ್ಕಲುತನದವರು, ಹಾಡಿನಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಾರೆ, ಆದ್ದರಿಂದ ಅವು ನಮ್ಮ ಹಾಡು ಎಂಬುದು ಅವನ ವಾದ. ಒಂದು ಶಬ್ದವೂ ತಿಳಿಯುತ್ತಿರಲಿಲ್ಲ, ಆದರೆ ಹೊಸ ಹಾಡು ಬಂದ ದಿನ ಅವನಿಗೆ ಅರ್ಥ ಬೇಕು. ಟ್ರ್ಯಾಕ್ಟರನ್ನು ಅಂಗಳದಲ್ಲಿ ನಿಲ್ಲಿಸಿ, ಹಾಡು ಆರಿಸದೆ, ಅಡುಗೆಮನೆಯ ಹಿತ್ತಲ ಬಾಗಿಲಿಗೆ ಬಂದು ಅತ್ತಿಗೆಯನ್ನು ಕೂಗುತ್ತಿದ್ದ.

"ವೈನೀ, ಇಂವ ಏನಂತಾನ್ರಿ?"

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ತುಸು ಕಿವಿಗೊಟ್ಟಂತೆ ಮಾಡುತ್ತಿದ್ದಳು.

"ಇಂವಾ? 'ನಳಾ ಬಂದು ತಾಸಾತು, ಗುಂಡ್ಯಾಗ ನೀರಿಲ್ಲ, ಗಂಡಸಾದಾಂವ ಎರಡು ಕೊಡಾ ತಂದು ಹಾಕಬೇಕು' ಅಂತ ಚೀರಾಕತ್ತಾನ ನೋಡ್ರಿ ಬಸಣ್ಣ."

ಬಸುಕಾಕಾ ನಗುತ್ತಾ ಕೊಡ ಎತ್ತಿಕೊಳ್ಳುತ್ತಿದ್ದ. ರ‍್ಯಾಪ್ ಹಾಡುವವರೆಲ್ಲ ನಮ್ಮ ಮನೆಯಲ್ಲಿ ಕಟ್ಟಿಗೆ ಒಡೆಸಿದರು, ಜೋಳ ಬೀಸಿಸಿಕೊಂಡು ಬರಲು ಕಳಿಸಿದರು, ಎಮ್ಮೆಗೆ ಮೇವು ಹಾಕಿಸಿದರು. ಅವನಿಗೆ ಅದು ಸುಳ್ಳೆಂದು ಗೊತ್ತಿತ್ತು. ಆದರೂ ವೈನಿ ನೇರವಾಗಿ ಹೇಳಿದ್ದರೆ ಆಮೇಲೆ ನೋಡೋಣ ಎನ್ನುವವನು, ಪಂಜಾಬದವನು ಹೇಳಿದ ಮೇಲೆ ಇಲ್ಲ ಎನ್ನುತ್ತಿರಲಿಲ್ಲ.

ಹಾಡಿನ ಸುಳ್ಳು ಎಲ್ಲರಿಗೂ ಗೊತ್ತಿದ್ದ ಸುಳ್ಳು. ಸಿನೆಮಾದ ಸುಳ್ಳನ್ನು ಹಿಡಿದವಳು ಮಾತ್ರ ನಾನು. ಶಾಲೆಯಲ್ಲಿ ಹಿಂದಿ ಶುರುವಾಗಿ ಎರಡು ವರ್ಷವಾಗಿತ್ತು, ಹಿಂದಿಯಲ್ಲಿ ಕ್ಲಾಸಿಗೆ ನಾನೇ ಮೊದಲು. ಮೇಷ್ಟ್ರು ನನ್ನ ನೋಟ್‌ಬುಕ್ಕನ್ನು ಬೇರೆ ಕ್ಲಾಸಿಗೆ ಒಯ್ದು ತೋರಿಸುತ್ತಿದ್ದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಊಟದ ತಾಟಿನ ಮುಂದೆ, ಎಮ್ಮೆಯ ಮುಂದೆ, ಎಲ್ಲರ ಮುಂದೆ ಹಿಂದಿ ಮಾತಾಡುತ್ತಿದ್ದೆ. ಮೆಲ್ಲಗೆ ಸಿನೆಮಾದ ಮಾತುಗಳು ಕಿವಿಯಲ್ಲಿ ಬಿಡಿಸಿಕೊಳ್ಳತೊಡಗಿದವು. ಪರದೆಯವರು ಹೇಳುವುದಕ್ಕೂ ಅವ್ವ ಹೇಳುವುದಕ್ಕೂ ತಾಳೆಯೇ ಆಗುತ್ತಿರಲಿಲ್ಲ. ಮೊದಮೊದಲು ನನ್ನದೇ ತಪ್ಪೆಂದುಕೊಂಡೆ. ಆಮೇಲೆ ಅವ್ವನಿಗೆ ಬರುವುದು ಸವಣೂರಿನ ಉರ್ದು ಮಾತ್ರ, ಈ ಹಿಂದಿ ಅವಳಿಗೆ ತಿಳಿಯುತ್ತಿಲ್ಲ, ಬರುತ್ತದೆಂದು ಜಂಬ ಕೊಚ್ಚುತ್ತಾಳೆ ಎಂದುಕೊಂಡೆ. ಒಳಗೊಳಗೇ ಖುಷಿಯಾಯಿತು. ಅವ್ವನಿಗಿಂತ ನನಗೆ ಹೆಚ್ಚು ಬರುತ್ತದೆ! ಅದನ್ನು ಹೇಳಲು ಒಂದು ಒಳ್ಳೆಯ ಹೊತ್ತಿಗಾಗಿ ಕಾಯುತ್ತಿದ್ದೆ, ನಾಲ್ಕು ಜನರ ಎದುರಿಗೆ.

ಅದೇ ದಿನಗಳಲ್ಲಿ ಸಿನೆಮಾದ ಹುಡುಗಿಯರಿಗೆಲ್ಲ ಒಂದು ಹೊಸ ಹಟ ಹಿಡಿದಿತ್ತು. ಒಂದು ವಾರ ಒಬ್ಬಳು, "ಹತ್ತನೇತ್ತ ಪಾಸಾಗೇನಿ, ಅದನ್ನ ಒಲ್ಯಾಗ ಹಾಕಿದಂಗಾತು" ಎಂದಳು. ಆಯಿ ಏನೂ ಹೇಳದೆ ಎಲೆ ಮಡಿಸಿದಳು. ಮುಂದಿನ ವಾರ ಇನ್ನೊಬ್ಬಳು, "ಸಣ್ಣ ಹುಡುಗರು ಅಂದ್ರ ನನಗ ಜೀವಾ" ಎಂದಳು. ಆಯಿ, "ಹೂಂ, ಹುಡುಗರನ್ನ ಆಡಿಸೂದು ಛಲೋ ಕೆಲಸ" ಎಂದು ಅಷ್ಟಕ್ಕೇ ಬಿಟ್ಟಳು. ನಮ್ಮ ಓಣಿಯಲ್ಲಿ ಎರಡು ಮನೆ ದಾಟಿದರೆ ಅಂಗನವಾಡಿ. ಅಲ್ಲಿಯ ಹಳೆಯ ಟೀಚರು ನಿವೃತ್ತಿಯಾಗಿದ್ದರು, ಆ ಜಾಗಕ್ಕೆ ಅರ್ಜಿ ಕರೆದಿದ್ದರು. ಇದನ್ನು ಓಣಿಯ ಎಲ್ಲ ಹೆಂಗಸರೂ ನಳದ ಹತ್ತಿರ ಮಾತಾಡುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಯಾರೂ ಎತ್ತಿರಲಿಲ್ಲ.

ಆ ರವಿವಾರದ ಸಿನೆಮಾದಲ್ಲಿ ಒಂದು ಸೂಟ್‌ಕೇಸು ಕಳೆದಿತ್ತು. ಅದರ ಬೆನ್ನು ಹತ್ತಿದವರೆಲ್ಲ ಒಂದು ಹೋಟೆಲಿನಲ್ಲಿ ಓಡಾಡುತ್ತಿದ್ದರು. ಅವ್ವ ಆವತ್ತು ಗಿರ್ಮಿಟ್ ಮಾಡಿದ್ದಳು, ಜೊತೆಗೆ ಆಯಿಗೆ ಇಷ್ಟವೆಂದು ಮೆಣಸಿನಕಾಯಿ ಭಜಿ. ಈಗ ಯೋಚಿಸಿದರೆ ಅದೂ ಸುಮ್ಮನೆ ಮಾಡಿದ್ದಲ್ಲ. ಅವಳ ಕೈಯಲ್ಲಿ ಆವತ್ತು ಸೊಪ್ಪಾಗಲಿ ಕಾಳಾಗಲಿ ಇರಲಿಲ್ಲ. ಪರದೆಯ ಮೇಲೆ ಹುಡುಗಿ ಹೋಟೆಲಿನ ಮ್ಯಾನೇಜರನ ಮುಂದೆ ನಿಂತು ಮೇಜು ಗುದ್ದಿ ಕೇಳಿದಳು. ಮಾತು ಸಣ್ಣದು, ನನ್ನ ಪಾಠದ ಪುಸ್ತಕದಲ್ಲಿ ಇದ್ದಷ್ಟು ಸಣ್ಣದು. ನನ್ನ ಸೂಟ್‌ಕೇಸ್ ಎಲ್ಲಿದೆ, ಅಷ್ಟೇ.

"ಆಕಿ ಏನಂತಾಳ, ನೀಲಾ?"

ಹಿಂದಿನಿಂದ ಅವ್ವನ ದನಿ ಬಂತು, ಎಂದಿಗಿಂತ ಮೆಲ್ಲಗೆ.

"'ಮನಿ ಹತ್ರನ ಒಂದು ಕೆಲಸ ಐತ್ರಿ. ಮುಂಜಾನೆ ಅಡಗಿ ಮುಗಿಸೇ ಹೋಗ್ತೇನಿ, ಸಂಜಿಗೆ ಹೊತ್ತ ಇರತನಾನ ಬರ್ತೇನಿ. ಯಾರಿಗೂ ತ್ರಾಸ ಕೊಡಂಗಿಲ್ಲ. ಅರ್ಜಿ ಕೊಡಾಕ ಈ ಶುಕ್ರವಾರ ಕಡೀ ದಿನ. ನೀವು ಹೂಂ ಅಂದ್ರ...'"

"ಸುಳ್ಳು!" ಎಂದೆ ನಾನು. ಎದ್ದೇ ನಿಂತಿದ್ದೆ. "ಆಯಿ, ಅವ್ವ ಸುಳ್ಳ ಹೇಳಾಕತ್ತಾಳ. ಆಕಿ ಹಂಗ ಅಂದೇ ಇಲ್ಲ. ನನ್ನ ಸೂಟ್‌ಕೇಸ್ ಎಲ್ಲೈತಿ ಅಂತ ಕೇಳಾಕತ್ತಾಳ, ಅಷ್ಟ! ಅವ್ವಗ ಹಿಂದೀನ ಬರೂದಿಲ್ಲ. ಇಷ್ಟು ದಿನಾ ಎಲ್ಲಾ ಆಕೀನ ಕಟ್ಟಿ ಹೇಳ್ಯಾಳ. ಬೇಕಾರ ನನ್ನ ಕೇಳ್ರಿ!"

ಟಿವಿಯೊಳಗಿನ ಹುಡುಗಿ ಇನ್ನೂ ಮೇಜು ಗುದ್ದುತ್ತಿದ್ದಳು. ಬಸುಕಾಕಾ ಚೀಲದ ಮೇಲಿಂದ ಗಹಗಹಿಸಿ ನಕ್ಕ.

"ಏನ್ರಿ ವೈನಿ, ಸಿನೆಮಾದಾಗೂ ನಮ್ಮನ್ನ ಮಂಗ್ಯಾ ಮಾಡಿದ್ರಿ?"

"ಏನಾತು? ಯಾಕ ನಿಂತಾಳ ಇಕಿ?" ಅಪ್ಪ ಕಿವಿಗೆ ಕೈ ಹಚ್ಚಿ ಕೇಳಿದ.

ಅಪ್ಪನಿಗೆ ಕೇಳಿಸಲೆಂದು ನಾನು ಇನ್ನೊಂದು ಸಲ, ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದೆ. ಅವ್ವ ಸುಳ್ಳು ಹೇಳಿದ್ದಾಳೆ ಎಂದು, ಓಣಿಗೇ ಕೇಳುವಂತೆ. ಆಯಿಯ ಕೈ ತಬಕಿನ ಮೇಲೆ ಹಾಗೇ ನಿಂತಿತ್ತು, ಬೆರಳಲ್ಲಿ ಸುಣ್ಣ. ಅವಳ ಬಾಯಿ ಏನೋ ಹೇಳಲು ತೆರೆದಿತ್ತು, ಮುಚ್ಚಿಕೊಂಡಿತು. ನಾನು ಗೆದ್ದವಳಂತೆ ಹಿಂದೆ ತಿರುಗಿ ನೋಡಿದೆ. ಅವ್ವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಇಷ್ಟು ದಿನ ನೆನಪಿರುತ್ತಿರಲಿಲ್ಲ. ಸಂತೆಯಲ್ಲಿ ಸೆರಗು ಜಾರಿದವಳಂತೆ ಒಂದು ಗಳಿಗೆ ಗಾಬರಿಯಾಗಿ, "ಹಾಲು ಉಕ್ಕತೈತಿ" ಎಂದು ಎದ್ದು ಒಳಗೆ ಹೋದಳು. ಒಲೆಯ ಮೇಲೆ ಹಾಲು ಇರಲಿಲ್ಲ.

ಮುಂದಿನ ರವಿವಾರ ಆಯಿ ಎಂದಿನಂತೆ ಕೇಳಿದಾಗ ಅವ್ವ, "ನನಗ ಹಿಂದಿ ಬರೂದಿಲ್ರಿ ಅತ್ತ್ಯಾರ. ಲೀಲಾನ್ನ ಕೇಳ್ರಿ" ಎಂದಳು. ಹೊಸ್ತಿಲು ಬಿಟ್ಟು ಒಲೆಯ ಹತ್ತಿರ ಹೋಗಿ ಕೂತಳು. ಲೀಲಾ ಅಂದರೆ ನಾನು. ಪಟ್ಟ ಸಿಕ್ಕಿತು. ಮೈಯೆಲ್ಲ ಕಿವಿಯಾಗಿ, ಒಂದು ಶಬ್ದ ಆಚೀಚೆ ಆಗದಂತೆ ಹೇಳಿದೆ. "'ನೀನು ನನ್ನ ಗೆಳೆಯನೋ ವೈರಿಯೋ' ಅಂತ ಕೇಳಿದ. 'ನಾನು ನಿನ್ನ ಸಾಲಗಾರ' ಅಂದ." ಯಾರೂ ನಗಲಿಲ್ಲ. ಇನ್ನೊಂದು ಹೇಳಿದೆ. ಅದಕ್ಕೂ ಇಲ್ಲ. ಜೋಕನ್ನು ಬಿಡಿಸಿ ಹೇಳಿದೆ, ಯಾಕೆ ನಗಬೇಕೆಂದು ತಿಳಿಸಿದೆ. ಆಯಿ ಆಕಳಿಸಿ, "ಇದ್ರಾಗ ನಗೂದೆಲ್ಲೈತಿ?" ಎಂದಳು. ಬಸುಕಾಕಾ ಚೀಲದ ಮೇಲೆ ನಿದ್ದೆ ಹೋದ. ಸರಿಯಾದ ಅರ್ಥ ಹೇಳುವವಳಿಗೆ ಇವರು ಬೆಲೆ ಕೊಡುವುದಿಲ್ಲವಲ್ಲ ಎಂದು ನನಗೆ ಅಳುವೇ ಬಂತು. ಮೂರು ನಾಲ್ಕು ವಾರ ಹೀಗೇ ನಡೆದು, ಆಮೇಲೆ ಆಯಿ ರವಿವಾರ ಮಧ್ಯಾಹ್ನ ಮಲಗತೊಡಗಿದಳು. ಬಸುಕಾಕಾ ಮಾತ್ರ ಒಂದು ದಿನ ಹೊಸ ಹಾಡು ಹಚ್ಚಿಕೊಂಡು ಹಿತ್ತಲ ಬಾಗಿಲಿಗೆ ಬಂದ.

"ವೈನಿ, ಇದು ಪಂಜಾಬಿ. ಇದು ಲೀಲಾಗ ಬರೂದಿಲ್ಲ, ನೀವ ಹೇಳ್ರಿ. ಇಂವ ಏನಂತಾನ?"

"ನನಗೂ ಬರೂದಿಲ್ಲ, ಬಸಣ್ಣ," ಎಂದಳು ಅವ್ವ.

ಅದು ಖರೆ ಮಾತು. ನಮ್ಮ ಮನೆಯಲ್ಲಿ ಆಗ ಎಲ್ಲರೂ ಖರೆ ಮಾತಾಡತೊಡಗಿದ್ದರು. ಅವನು ಟ್ರ್ಯಾಕ್ಟರಿನ ಹಾಡು ಆರಿಸಿ ಕೈಕಾಲು ತೊಳೆಯಲು ಹೋದ. ಅವ್ವ ಕೊಡ ಎತ್ತಿಕೊಂಡು ತಾನೇ ನಳಕ್ಕೆ ಹೋದಳು. ಮಜ್ಜಿಗೆಯ ತಂಬಿಗೆ ಒಂದಷ್ಟು ದಿನ ಇತ್ತು, ಆಮೇಲೆ ಅವ್ವನೇ ಅದನ್ನು ತೆಗೆದಿಡುವುದನ್ನು ಬಿಟ್ಟಳು. ಅತ್ತೆ ಸೊಸೆ ಜಗಳವಾಡಿದ್ದರೆ ಚೆನ್ನಾಗಿತ್ತು. ಜಗಳವೂ ಇರಲಿಲ್ಲ. ಉಪ್ಪು ಕೊಡು, ದೀಪ ಹಚ್ಚು, ಎಮ್ಮೆ ಹಿಂಡೂದಾತೇನು, ಅಷ್ಟೇ ಮಾತು. ಅಂಗನವಾಡಿಗೆ ಬೇರೊಬ್ಬರು ಟೀಚರಾಗಿ ಬಂದರು. ಒಳ್ಳೆಯ ಹೆಂಗಸು. ಅವರು ಮಕ್ಕಳಿಗೆ ಹಾಡು ಹೇಳಿಕೊಡುವುದು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಅವ್ವ ಆ ಹೊತ್ತಿಗೆ ಹಿತ್ತಲಿನಲ್ಲಿ ಏನಾದರೂ ಕೆಲಸ ಮಾಡಿಕೊಳ್ಳುತ್ತಿದ್ದಳು.

ದೀಪಾವಳಿಯ ಮುಂಚೆ ಮನೆ ಸಾರಿಸುವಾಗ ಅಡುಗೆಮನೆಯ ಗೋಡೆಗೂಡಿನ ಹಳೆಯ ಪೇಪರ್ ತೆಗೆದು ಹೊಸದು ಹಾಸುವ ಕೆಲಸ ನನ್ನದು. ಸಾಸಿವೆ ಡಬ್ಬಿಯ ಕೆಳಗಿನ ಪೇಪರಿನಡಿ ನಾಲ್ಕಾಗಿ ಮಡಚಿದ ಒಂದು ಕಾಗದ ಸಿಕ್ಕಿತು. ಅಂಗನವಾಡಿಯ ಅರ್ಜಿ. ಅವ್ವನ ದುಂಡನೆಯ ಅಕ್ಷರದಲ್ಲಿ ಹೆಸರು, ಊರು, ಓದು, ಎಲ್ಲ ತುಂಬಿತ್ತು. ಮೂಲೆಯಲ್ಲಿ ಫೋಟೋ ಅಂಟಿಸಿತ್ತು; ಅವಳು ಯಾವಾಗ ಹೋಗಿ ತೆಗೆಸಿದಳೋ ಇವತ್ತಿಗೂ ಗೊತ್ತಿಲ್ಲ. ಸಹಿಯ ಜಾಗ ಮಾತ್ರ ಖಾಲಿ. ಅದನ್ನು ಹಿಡಿದು ನಾನು ಅವ್ವನ ಹತ್ತಿರ ಹೋಗಲಿಲ್ಲ, ಧೈರ್ಯವಾಗಲಿಲ್ಲ. ಆಯಿಯ ಹತ್ತಿರ ಹೋದೆ. ಆಯಿಗೆ ಓದು ಬರುತ್ತಿರಲಿಲ್ಲ. ಆದರೆ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಏನೆಂದು ಕೇಳಲಿಲ್ಲ. ಆಮೇಲೆ ಹೇಳಿದಳು.

"ಆಯಿಗೆ ಏನೂ ತಿಳಿಯಂಗಿಲ್ಲ ಅಂತ ತಿಳದಿದ್ದಿ ನೀನು, ಹೌದಿಲ್ಲೋ? ಆ ಮುಂಬೈ ಹುಡುಗಿಗೆ ನನ್ನ ಮನೀ ಮಜ್ಜಿಗಿ ಚಿಂತಿ ಯಾಕಲೇ? ಆಕಿಗೆ ಪಂಚಮಿ ಯಾಕ? ನನಗ ಕಣ್ಣು ಕಾಣಂಗಿಲ್ಲ, ಕಿವಿ ಕೇಳತಾವ."

ಆಯಿ ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ನನ್ನ ಕೈಗೆ ಕೊಟ್ಟಳು.

"ಆವತ್ತ ನಾ ಹೂಂ ಅನ್ನಾಕಿ ಇದ್ದೆ."

"ಹಂಗಾರ ಆಮ್ಯಾಲೆ ಯಾಕ ಅನ್ನಲಿಲ್ಲ? ಶುಕ್ರವಾರತನಾ ಹೊತ್ತಿತ್ತಲ್ಲ?"

"ಯಾರಿಗೆ ಅನ್ನಲಿ? ಟಿವಿಯಾಗ ಕೇಳಿದಾಕೀನ ಇರಲಿಲ್ಲಲ್ಲ."

ಆ ಮಾತಿಗೆ ಆಗ ನನಗೆ ಎಷ್ಟು ಸಿಟ್ಟು ಬಂತೆಂದರೆ ತಬಕನ್ನು ಒದೆಯಬೇಕೆನಿಸಿತು. ಇಬ್ಬರಿಗೂ ಗೊತ್ತಿತ್ತು. ಅವ್ವನಿಗೆ ಬೇಕಿತ್ತು, ಆಯಿ ಕೊಡುವವಳಿದ್ದಳು. ನಡುವೆ ಹತ್ತು ಹೆಜ್ಜೆಯ ಪಡಸಾಲೆ. ಎದ್ದು ಹೋಗಿ ಹೂಂ ಎಂದರೆ ಆಯಿಯ ಏನು ಗಂಟು ಹೋಗುತ್ತಿತ್ತು? ನೀವೇ ಹೇಳಿ ಎಂದು ಕೇಳಿದ್ದರೆ ಅವ್ವನ ಏನು ಹೋಗುತ್ತಿತ್ತು? ಇವತ್ತಿಗೂ ಈ ಪ್ರಶ್ನೆ ನನ್ನನ್ನು ಕಾಡುತ್ತದೆ, ಇವತ್ತಿಗೂ ಇಬ್ಬರ ಮೇಲೂ ಸಿಟ್ಟು ಬರುತ್ತದೆ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆ ಮನೆಯಲ್ಲಿ ಆಡದೆ ಹೋದದ್ದೇ ಹೆಚ್ಚು, ಆಡಿ ಕೆಡಿಸಿದವಳು ನಾನೊಬ್ಬಳು. ಅರ್ಜಿಯನ್ನು ಹೊಸ ಪೇಪರಿನಡಿ, ಅದೇ ಜಾಗದಲ್ಲಿ ಇಟ್ಟೆ. ಮುಂದಿನ ವರ್ಷ ಪೇಪರ್ ಬದಲಿಸುವಾಗ ಅದು ಇರಲಿಲ್ಲ.

ಆಯಿ ಹೋಗಿ ಹಲವು ವರ್ಷವಾಯಿತು. ನಾನು ಈಗ ಚಿಕ್ಕೇರೂರಿನ ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತೇನೆ. ಹೌದು, ಹಿಂದಿಯನ್ನೇ, ಅದರಿಂದಲೇ ನನ್ನ ಹೊಟ್ಟೆ ತುಂಬುತ್ತದೆ. ಪರೀಕ್ಷೆಯಲ್ಲಿ 'ಕನ್ನಡಕ್ಕೆ ಅನುವಾದಿಸಿ' ಎಂಬ ಪ್ರಶ್ನೆಗೆ ಯಾವಳೋ ಹುಡುಗಿ ಮೂಲದಲ್ಲಿ ಇಲ್ಲದ್ದನ್ನು ಸೇರಿಸಿ ಬರೆದಿದ್ದರೆ ಕೆಂಪು ಪೆನ್ನು ಕೈಯಲ್ಲೇ ನಿಲ್ಲುತ್ತದೆ. ಅಕ್ಕಿಆಲೂರಿನ ಮನೆ ತುಂಬಿದೆ. ಬಸುಕಾಕಾನಿಗೆ ಹೆಂಡತಿ ಮಕ್ಕಳು, ಅಂಗಳದಲ್ಲಿ ಎರಡು ಟ್ರ್ಯಾಕ್ಟರು. ಅವನ ಮಗ ಪಂಜಾಬಿ ರ‍್ಯಾಪ್ ಬಿಟ್ಟ ಗಳಿಗೆಯಲ್ಲೇ ಕೇಳುತ್ತಾನೆ, ಕಿವಿಯೊಳಗೆ ತುರುಕಿಕೊಂಡು, ಒಬ್ಬನೇ. ಅರ್ಥ ಬೇಕೆಂದರೆ ಫೋನೇ ಬರೆದು ತೋರಿಸುತ್ತದೆ. ಒಂದು ಸಲ ಇಸಿದುಕೊಂಡು ನೋಡಿದೆ. ನನ್ನ ಕಾರು, ನನ್ನ ವಾಚು, ನನ್ನ ವೈರಿಗಳು. ಎರಡು ಕೊಡ ನೀರು ತಾ ಎಂದು ಯಾವನೂ ಹೇಳಿಲ್ಲ. ಹೊಸ ಹಿಂದಿ ಕಾಮಿಡಿಗಳು ಕನ್ನಡದಲ್ಲೇ ಮಾತಾಡುತ್ತಾ ಬರುತ್ತವೆ. ಬೆಂಗಳೂರಿನ ಕನ್ನಡ, ಎಲ್ಲರಿಗೂ ತಿಳಿಯುತ್ತದೆ, ಎಲ್ಲರೂ ಹೊತ್ತಿಗೆ ಸರಿಯಾಗಿ ನಗುತ್ತಾರೆ. ಅವ್ವ ಈಗ ಪಡಸಾಲೆಯ ಮಂಚದ ಮೇಲೆ, ಆಯಿಯ ಜಾಗದಲ್ಲಿ ಕೂರುತ್ತಾಳೆ. ಅವಳನ್ನು ಯಾರೂ ಏನೂ ಕೇಳುವುದಿಲ್ಲ.

ಹೋದ ತಿಂಗಳು ಒಂದು ರವಿವಾರ ಊರಿಗೆ ಹೋಗಿದ್ದೆ. ಬಸುಕಾಕಾನ ಮನೆಮಂದಿ ಯಾವುದೋ ಮದುವೆಗೆ ಹೋಗಿದ್ದರು, ಅಪ್ಪ ಒಳಗೆ ಮಲಗಿದ್ದ. ಆ ವಾರ ಬಂದ ಒಂದು ಕಾಮಿಡಿ ಹಚ್ಚಿ, ಕನ್ನಡವನ್ನು ತೆಗೆದು ಹಿಂದಿಗೆ ಹಾಕಿದೆ. ಅವ್ವ ಒಮ್ಮೆ ನನ್ನ ಮುಖ ನೋಡಿದಳು. ನಾನು ಮಂಚದ ಕಾಲಿಗೆ ಒರಗದೆ, ಎದ್ದು ಹೋಗಿ ಅಡುಗೆಮನೆಯ ಹೊಸ್ತಿಲ ಒಳಗೆ ಕೂತೆ. ಅವ್ವನ ಬೆನ್ನು ತಾಗಿ ತಾಗಿ ಸವೆದ ಗೋಡೆ ಇನ್ನೂ ಅದೇ ಜಾಗದಲ್ಲಿ ನುಣುಪಾಗಿತ್ತು. ಪರದೆಯ ಮೇಲೆ ಹುಡುಗಿಯೊಬ್ಬಳು ರಸ್ತೆಯಲ್ಲಿ ನಿಂತು ಏನೋ ಕೂಗಿದಳು. ಆಕೆ ಏನೆನ್ನುತ್ತಾಳೆಂದು ಅವ್ವ ಕೇಳುತ್ತಾಳೇನೋ ಎಂದು ಕಾಯ್ದೆ. ಕೇಳಲಿಲ್ಲ. ಕೊನೆಗೆ ನಾನೇ ಬಾಯಿ ಬಿಟ್ಟೆ.

"ಅವ್ವಾ, ಆಕಿ ಏನಂತಾಳ ಗೊತ್ತೇನು? 'ನಾ ಸಣ್ಣಾಕಿದ್ದಾಗ ನಿನ್ನ ಬಾಯಿ ಕಟ್ಟಿದೆ. ನಿನ್ನ ಕೆಲಸ ನನ್ನಿಂದ ಹೋತು. ಇಷ್ಟು ವರ್ಷಾತು, ಹೇಳಾಕ ನನಗ ಬಾಯಿ ಬರವಲ್ದು. ತಪ್ಪಾತು' ಅಂತಾಳ."

ಅವ್ವ ಕತ್ತು ತಿರುಗಿಸಲಿಲ್ಲ. ಪರದೆಯ ಮೇಲೆ ಆ ಹುಡುಗಿ ಮತ್ತೊಮ್ಮೆ ಕೂಗಿದಳು. ಅದನ್ನು ಪೂರ್ತಿ ಕೇಳಿಸಿಕೊಂಡು, ತಬಕಿನಿಂದ ಒಂದು ಎಲೆ ತೆಗೆದು ತೊಟ್ಟು ಮುರಿಯುತ್ತಾ ಹೇಳಿದಳು.

"ಸುಳ್ಳು. ಆಕಿ ಆಟೋ ಯಾಕ ನಿಲ್ಲಿಸವಲ್ಲಿ ಅಂತ ಕೇಳಾಕತ್ತಾಳ."

ಈ ಸಲ ಹಾಲು ಉಕ್ಕುತ್ತದೆಂದು ಎದ್ದು ಹೋಗಲಿಲ್ಲ. ಅವಳ ಇನ್ನೊಂದು ಮಾತಿಗಾಗಿ ಸಿನೆಮಾ ಮುಗಿಯುವವರೆಗೂ ನಾನು ಹೊಸ್ತಿಲ ಒಳಗೆ ಕೂತು ಕಾಯ್ದೆ.